ಟವಲ್ ಹಾಕಿದ ಸೀಟು

ನಾನು ತುಮಕೂರಿನಲ್ಲಿ ಓದುತ್ತಿದ್ದಾಗ ತಿಪಟೂರಿನಲ್ಲಿ ದಿನವೂ ನನ್ನ ಜೊತೆ ರೈಲು ಹತ್ತುತ್ತಿದ್ದ ಟೈಪಿಸ್ಟ್ ಅಕ್ಕ ಒಬ್ಬರಿದ್ದರು. ನೊಣವಿನಕೆರೆಯಿಂದ ಮೊದಲ ಬಸ್ಸಿಗೆ ಬಂದು ಬೆಂಗಳೂರಿನ ಆಫೀಸಿಗೆ ಹೋಗುತ್ತಿದ್ದರು. ರೈಲು ನಿಲ್ಲುತ್ತಿದ್ದಂತೆ ದಾರಿಯುದ್ದಕ್ಕೂ ಇಸ್ಪೀಟಾಡುವ ಗಂಡಸರು ಕಿಟಕಿಯೊಳಗೆ ಟವಲ್ ಎಸೆದು, ಇನ್ನೂ ಬಾರದ ಜೊತೆಗಾರರಿಗೂ ಸೀಟು ಹಿಡಿಯುತ್ತಿದ್ದರು. ಇವರು ಬಾಗಿಲ ಹತ್ತಿರ ಕಾಲು ಬದಲಿಸುತ್ತ, "ಇರ್ಲಿ ಬುಡಮ್ಮ, ತುಮಕೂರಲ್ಲಿ ಯಾರಾದ್ರೂ ಇಳೀತಾರೆ" ಎನ್ನುತ್ತಿದ್ದರು.

ಸಂಜೆಗೆ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೀಗೇ ನಿಂತು ಓಡಾಡಿದರೆ ಕೆಲಸ ಬಿಡಬೇಕಾಗುತ್ತದೆ ಎಂದರು ಡಾಕ್ಟರು. ಮರುದಿನ ಬೋಗಿ ಹತ್ತಿದವರೇ ಒಂದು ಟವಲ್ ಎತ್ತಿ, ಮಡಿಚಿ, ಆ ಜಾಗದಲ್ಲಿ ಕೂತುಬಿಟ್ಟರು.

"ಏನ್ರೀ, ಟವಲ್ ಹಾಕಿರೋದು ಕಾಣಲ್ವಾ?" ಎಂದ ಇಸ್ಪೀಟೆಲೆ ಕಲಸುತ್ತಿದ್ದವನು.

"ಕಾಣ್ತೈತೆ ಕಣಪ್ಪ. ನನ್ ಹತ್ರ ಪಾಸ್ ಐತೆ. ನಿನ್ ಟವಲ್ದು ತೋರ್ಸು."

"ನಮ್ಮೋನು ಟೀ ಕುಡ್ದು ಬತ್ತಾವ್ನೆ ಕಣ್ರೀ!"

"ಬರ್ಲಿ. ಇಷ್ಟು ವರ್ಷ ನಾನು ನಿಂತಿಲ್ವಾ? ಅವ್ನೂ ಇವತ್ತೊಂದಿನ ನಿಂತ್ಕಳ್ಲಿ."

ಬೋಗಿಯೆಲ್ಲ ನಕ್ಕಿತು, ಎಲೆ ಕಲಸುತ್ತಿದ್ದವನೂ ಸೇರಿ. ಗುಬ್ಬಿ ಬರುವಷ್ಟರಲ್ಲಿ ಇವರು ಬಾಯಿ ತೆರೆದು ನಿದ್ದೆ ಹೋಗಿದ್ದರು.

ಮಾರನೆಯ ದಿನ ದಿನವೂ ನಿಂತೇ ಹೋಗುತ್ತಿದ್ದ ನಾವು ಹೆಂಗಸರೆಲ್ಲ ಆ ಗಂಡಸರ ಒಂದೊಂದು ಟವಲ್ ಎತ್ತಿ ಮಡಿಚಿಟ್ಟು ಕೂತೆವು. ನನ್ನ ಓದು ಮುಗಿದ ಮೇಲೂ ಅವರು ಅದೇ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಕೂತುಕೊಂಡು.