ಅಟ್ಟದ ಕೆಳಗೊಂದು ಕ್ರಿಪ್ಟೋ ಬೀಗ

ದಬ್ಬೇಘಟ್ಟಕ್ಕೆ ಇನ್ನೂ ಮೊದಲ ಬಸ್ಸು ಬಂದಿಲ್ಲ. ಶಿವರುದ್ರಮ್ಮ ಅಟ್ಟ ಹತ್ತಿ, ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ. ನೀರು ಕುಲುಕಿದರೆ ಕಾಯಿ ಮತ್ತೆ ಮೂಲೆಗೆ; ಒಣಗಿದ ಕೊಬ್ಬರಿ ಲೊಡಲೊಡ ಎಂದರೆ ಕೆಳಕ್ಕೆ. ಅದೇ ಅಟ್ಟದಡಿ, ತಲೆಗೂ ಲ್ಯಾಪ್‌ಟಾಪಿಗೂ ಸೇರಿಸಿ ಒಂದೇ ಟವೆಲ್ ಹೊದ್ದು, ಮಗಳು ಜೀವಿತಾ ಕೋಡ್ ಬರೆಯುತ್ತಿದ್ದಾರೆ.

"ಮೆಲ್ಲಗೆ ಕಣವ್ವ. ನಾರು ಕೀಬೋರ್ಡ್ ಒಳಕ್ಕೆ ಬೀಳ್ತೈತೆ."

"ನಿನ್ ಕೀಬೋರ್ಡಿಗಿಂತ ಮುಂಚೆ ಬಂದಿದ್ದು ಅಟ್ಟ ಕಣೇ. ನೀನೇ ಅತ್ಲಾಗೆ ಸರ್ಕೋ."

ತಿಪಟೂರಿನಲ್ಲಿ ಬಿ.ಎಸ್ಸಿ. ಓದಿದ ಜೀವಿತಾ, ಇಂಟರ್ನೆಟ್ಟಿನಲ್ಲಷ್ಟೇ ಇರುವ ಕ್ರಿಪ್ಟೋ ಹಣ ಉಳ್ಳವರು ಅದನ್ನು ಭದ್ರವಾಗಿಡಲೆಂದು ಕನ್ನಡದಲ್ಲೇ ಒಂದು ಮೊಬೈಲ್ ಆ್ಯಪ್ ಮಾಡಿದ್ದಾರೆ. ಹಣದ ಕೀಲಿಯಾದ ಗುಟ್ಟಿನ ಸಂಕೇತ ಅವರವರ ಫೋನಿನಲ್ಲೇ ಉಳಿಯುತ್ತದೆ, ಜೀವಿತಾಗೂ ಕಾಣುವುದಿಲ್ಲ. "ನಾನು ಬೀಗ ಮಾಡೋಳು ಕಣ್ರೀ. ಯಾರ ಪೆಟ್ಟಿಗೇನೂ ನನ್ ಹತ್ರ ಇಲ್ಲ."

ಆಮೇಲೆ ಸರ್ಕಾರದ ನಿಯಮ ಬಂತು. ಕ್ರಿಪ್ಟೋ ಸೇವೆ ಕೊಡುವವರು ನೋಂದಣಿ ಮಾಡಿಸಬೇಕು, ನಿಯಮ ಪಾಲನೆ ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಜನ ಮೋಸ ಹೋಗುವುದನ್ನು ಕಂಡಿರುವ ಜೀವಿತಾ ನಿಯಮವೇ ಬೇಡ ಅನ್ನುವುದಿಲ್ಲ. ಆದರೆ ದೊಡ್ಡ ಕಂಪನಿಗಳಿಗೆ ವಕೀಲರಿದ್ದಾರೆ. ಬೇಕೆಂದರೆ ವ್ಯವಹಾರವನ್ನೇ ದುಬೈಗೆ ಸಾಗಿಸುತ್ತವೆ. "ನಮ್ಮನೇಲಿ ಇರೋದು ಅವ್ವ, ನಾನು, ಎರಡು ಎಮ್ಮೆ. ಅಧಿಕಾರಿ ಯಾರನ್ನ ಮಾಡ್ಲಿ?"

ಅಟ್ಟದಿಂದ ಉತ್ತರ ಬರುತ್ತದೆ: "ದೊಡ್ಡೆಮ್ಮೇನ ಮಾಡು. ಯಾರನ್ನೂ ಹತ್ರಕ್ಕೆ ಬಿಟ್ಕೊಳ್ಳಾಕಿಲ್ಲ."

ಬರೀ ಬೀಗ ಮಾಡುವವರಿಗೂ ಈ ನಿಯಮ ಅನ್ವಯಿಸುತ್ತದೆಯೇ? ಜೀವಿತಾ ಕೇಳಿದಾಗ ತಿಪಟೂರಿನ ಆಡಿಟರ್ ಸೂರ್ಯಪ್ರಕಾಶ್ ಅವರಿಗೂ ಖಚಿತವಿರಲಿಲ್ಲ. "ಯಾಕಮ್ಮ ರಿಸ್ಕು, ಸದ್ಯಕ್ಕೆ ಮುಚ್ಚಿಬುಡು" ಎಂದರಂತೆ. ಹೋದ ಯುಗಾದಿಯ ಹೊತ್ತಿಗೆ ಆ್ಯಪ್ ಮುಚ್ಚಿತು. ಈಗ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದೇ ಹೊಟ್ಟೆಪಾಡು.

ಮುಚ್ಚಿದ ದಿನ ಕೋಡನ್ನೂ ಪೂರ್ತಿ ಅಳಿಸಲು ಕೂತಿದ್ದರಂತೆ. ಅಳುತ್ತಿದ್ದ ಮಗಳನ್ನು ಕಂಡು ತಾಯಿ ಕೇಳಿದ್ದು ಇಷ್ಟು:

"ಕೆಟ್ಟೋಗೈತಾ?"

"ಇಲ್ಲ."

"ಮತ್ಯಾಕೆ ಎಸೀತೀಯ? ಅಟ್ಟಕ್ಕಾಕಿದ ಕಾಯ್ನ ಒಣಗೋ ಮುಂಚೇನೇ ತೆಗ್ದು ಒಡೀತಾರೇನೇ?"

ಅಂದಿನಿಂದ ದಿನಾ ಬೆಳಿಗ್ಗೆ, ಬೇರೆ ಕೆಲಸಕ್ಕೆ ಮೊದಲು, ಯಾರೂ ಬಳಸದ ಆ ಆ್ಯಪಿನ ಆರೈಕೆ. ಫೋನುಗಳು ಬದಲಾಗುತ್ತಲೇ ಇರುತ್ತವೆ. ಅವುಗಳ ಜೊತೆಜೊತೆಗೇ ಕೋಡನ್ನೂ ತಿದ್ದದಿದ್ದರೆ ಬೀಗ ತುಕ್ಕು ಹಿಡಿದಂತೆಯೇ. ಏನಾಸೆ ಎಂದು ಕೇಳಿದರೆ ಜೀವಿತಾ ಟವೆಲ್ ಸರಿಸುತ್ತಾರೆ. "ಇದು ನಿಂಗೆ ಅನ್ವಯಿಸ್ತದೆ, ಇಲ್ಲಾ ಅನ್ವಯಿಸಲ್ಲ ಅಂತ ಯಾರಾದ್ರೂ ಒಂದ್ಮಾತು ಹೇಳ್ಲಿ. ಹೇಳಿದ ದಿನ ತೆರೆಯೋಕೆ ಬೀಗ ರೆಡಿ ಇರ್ಬೇಕಲ್ಲ."

ಶಿವರುದ್ರಮ್ಮ ಅನುಮಾನದ ಕಾಯೊಂದನ್ನು ಕೆಳಕ್ಕೆ ಚಾಚುತ್ತಾರೆ. ಮಗಳು ಕಿವಿಗೆ ಹಿಡಿದು ಅಲ್ಲಾಡಿಸಿ, ಮತ್ತೆ ಮೇಲಕ್ಕೇ ಕೊಡುತ್ತಾರೆ.

"ಇನ್ನೂ ನೀರೈತೆ ಕಣವ್ವ. ಇರ್ಲಿ ಬುಡು."