ಬಿಸಿ ಎಂಜಿನ್ ನೋಡಿ ಹೇಳಿದ ಮಾತು

ಮೂರು ವರ್ಷದ ಹಿಂದೆ, ಆಯುಧಪೂಜೆಗೆ ಇನ್ನು ನಾಲ್ಕು ದಿನ ಇತ್ತು. ಹಿರೇಹಳ್ಳಿಯಲ್ಲಿ ನನ್ನದೊಂದು ಲಾರಿ ಗ್ಯಾರೇಜು. ಪೂಜೆಗೆ ಮುಂಚೆ ಗಾಡಿ ರೆಡಿಯಾಗಬೇಕು ಅಂತ ಎಲ್ಲರೂ ಒಟ್ಟಿಗೇ ಬರುತ್ತಾರೆ. ಆ ವಾರ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಮಲ್ಲೇಶಪ್ಪನವರು ತಮ್ಮ ಹಳೇ ಲಾರಿ ತಂದರು. ಓಡಿಸಿಕೊಂಡು ಬಂದವನು ಅವರ ಡ್ರೈವರ್ ಗಂಗಣ್ಣ, ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು. ಹದಿನೇಳು ವರ್ಷದಿಂದ ಅವನ ಕೈಲಿದ್ದದ್ದು ಅದೊಂದೇ ಗಾಡಿ. ಮಲ್ಲೇಶಪ್ಪನವರು ನನ್ನನ್ನು ಪಕ್ಕಕ್ಕೂ ಕರೆಯಲಿಲ್ಲ, ಅವನ ಎದುರಿಗೇ ಶುರು ಮಾಡಿದರು. ಎಂಜಿನ್ ಆಯಿಲ್ ವಾರ ವಾರ ಕಮ್ಮಿಯಾಗುತ್ತಿದೆ, ಕೆಳಗೆ ಒಂದು ತೊಟ್ಟೂ ಸೋರಿಲ್ಲ. ಎಂಜಿನ್ನೇ ಸುಡುತ್ತಿದೆ ಅಂತ ಇವನು ಹೇಳುತ್ತಾನೆ, ಇವನೇ ಮಾರಿಕೊಳ್ಳುತ್ತಿದ್ದಾನೆ ಅಂತ ನನ್ನ ಅನುಮಾನ. ಯಾವುದು ಅಂತ ನೀವು ಹೇಳಿ, ನೀವು ಹೇಳಿದ ಮೇಲೆ ಇವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ನೋಡುತ್ತೇನೆ ಅಂದರು.

ಇಂಥ ಮಾತು ಕೇಳಿದರೆ ಉಬ್ಬಿಹೋಗುವ ಸ್ವಭಾವ ನನ್ನದು. ಶಬ್ದ ಕೇಳಿಯೇ ಎಂಜಿನ್ ಕಾಯಿಲೆ ಹೇಳುತ್ತಾನೆ ಅಂತ ಹೆಸರು ಮಾಡಿದ್ದೆ, ಆ ಹೆಸರು ತಲೆಗೂ ಏರಿತ್ತು.

ಗುಬ್ಬಿಯಿಂದ ಓಡಿ ಬಂದ ಎಂಜಿನ್ ಚೆನ್ನಾಗಿ ಕಾದಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದೆ. ಪಿಸ್ಟನ್ ರಿಂಗು ಸವೆದಿದ್ದರೆ ಅಲ್ಲಿಂದ ಗಾಳಿ ಒತ್ತಿಕೊಂಡು ಬರುತ್ತದೆ, ಬರಲಿಲ್ಲ. ಆಕ್ಸಿಲರೇಟರ್ ಒತ್ತಿಸಿ ಹೊಗೆ ನೋಡಿದೆ, ನೀಲಿ ಇರಲಿಲ್ಲ. ಆಯಿಲ್ ಸುಡುವ ಗಾಡಿಯಾದರೆ ಸೈಲೆನ್ಸರ್ ಬಾಯಲ್ಲಿ ಜಿಡ್ಡು ಮಸಿ ಇರುತ್ತದೆ. ಬೆರಳು ಹಾಕಿದೆ, ಒಣಗಿತ್ತು. ಪೂಜೆಗೆ ಅಂತ ಗಂಗಣ್ಣ ಆವತ್ತು ಬೆಳಿಗ್ಗೆಯೇ ಗಾಡಿ ತೊಳೆದು, ಸೈಲೆನ್ಸರಿನ ಮಸಿ ಉಜ್ಜಿ ತೆಗೆದು, ಬೆಳ್ಳಿ ಬಣ್ಣ ಬಳಿದಿದ್ದ. ಹೊಸ ಬಣ್ಣ ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಹೋಗಲಿಲ್ಲ. ತನ್ನ ಪರವಾಗಿದ್ದ ಒಂದೇ ಸಾಕ್ಷಿಯನ್ನು ಪಾಪ ಅವನೇ ತೊಳೆದುಕೊಂಡು ಬಂದಿದ್ದ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ನೀಲಿ ಹೊಗೆ ಬರುತ್ತದೆ, ಆಮೇಲೆ ಇರುವುದಿಲ್ಲ ಅಂತ ಗಂಗಣ್ಣ ಹೇಳಿದ.

"ಇವತ್ತೊಂದಿನ ಗಾಡಿ ಇಲ್ಲೇ ಇರ್ಲಿ ಮೇಸ್ತ್ರಿ. ನಾಳೆ ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ ನೋಡಿ."

ನಿಲ್ಲಿಸಲು ಜಾಗ ಇಲ್ಲ ಅಂದೆ. ಅದು ನಿಜವೇ, ಆದರೆ ರಸ್ತೆ ಪಕ್ಕಕ್ಕಾದರೂ ಹಾಕಿಸಬಹುದಿತ್ತು. ನಾನು ನೋಡಿ ಮುಗಿಸಿದ ಮೇಲೆ ಒಬ್ಬ ಡ್ರೈವರ್ ನನಗೆ ಹೀಗೆ ನೋಡಿ ಅಂತ ಹೇಳಿಕೊಟ್ಟದ್ದು ನನಗೆ ಹಿಡಿಸಲಿಲ್ಲ. ಎಂಜಿನ್ನಿಗೆ ಏನೂ ಆಗಿಲ್ಲ, ಆಯಿಲ್ ಸುಡುತ್ತಿಲ್ಲ ಅಂತ ಮಲ್ಲೇಶಪ್ಪನವರಿಗೆ ಹೇಳಿಬಿಟ್ಟೆ. ಗಂಗಣ್ಣ ಕೀಯನ್ನು ಸೀಟಿನ ಮೇಲಿಟ್ಟು, ಟವೆಲ್ಲು, ಊಟದ ಡಬ್ಬಿ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದ. ಹಬ್ಬದ ದಿನ ಆ ಲಾರಿಯ ಚಕ್ರದಡಿ ನಿಂಬೆಹಣ್ಣಿಟ್ಟು ಓಡಿಸಿದವನು ಬೇರೆ ಡ್ರೈವರ್.

ಎಂಟು ತಿಂಗಳಾದ ಮೇಲೆ ಅದೇ ಲಾರಿಯನ್ನು ಎಳೆದುಕೊಂಡು ಬಂದರು. ರೇಡಿಯೇಟರಿನಲ್ಲಿ ನೀರಿಲ್ಲದೆ ಕಡಬದ ಹತ್ತಿರ ಎಂಜಿನ್ ಕಾದು, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿತ್ತು. ಮಲ್ಲೇಶಪ್ಪನವರು ಗುಜರಿಯಿಂದ ಒಳ್ಳೇ ಹೆಡ್ ಒಂದನ್ನು ತರಿಸಿದ್ದರು. ಹಳೇದನ್ನು ಬಿಚ್ಚಿ ತಿರುಗಿಸಿ ಇಟ್ಟೆ. ಅದರೊಳಗಿನ ವಾಲ್ವ್ ಹಿಡಿದರೆ ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ವಾಲ್ವ್ ಮೇಲೆ ಕೆಳಗೆ ಓಡಾಡುವ ಕೊಳವೆ, ಅಂದರೆ ಗೈಡು, ಪೂರಾ ಸವೆದಿತ್ತು. ವಾಲ್ವಿನ ಹಿಂಬದಿಯಲ್ಲಿ ಸುಟ್ಟ ಆಯಿಲ್ ಪಾತ್ರೆ ತಳದ ಸೀಕಲಿನ ಹಾಗೆ ಪದರಗಟ್ಟಿತ್ತು. ಎಂಟು ತಿಂಗಳಲ್ಲಿ ಆಗುವಂಥದ್ದಲ್ಲ ಅದು, ವರ್ಷಗಳದ್ದು. ಗಾಡಿ ನಿಂತಿದ್ದಾಗ ಆಯಿಲ್ ಆ ಗೈಡಿನಲ್ಲಿ ಇಳಿದು ಕೂರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಉರಿದುಹೋಗುತ್ತದೆ. ಬಿಸಿ ಎಂಜಿನ್ ನೋಡಿದವನಿಗೆ ಏನೂ ಕಾಣುವುದಿಲ್ಲ. ಗಂಗಣ್ಣ ಹೇಳಿದ್ದು ಇದನ್ನೇ. ಸ್ಪ್ಯಾನರ್ ಕೆಳಗಿಟ್ಟೆ.

ಮಲ್ಲೇಶಪ್ಪನವರಿಗೆ ಫೋನ್ ಮಾಡಿ ಹೇಳಿದೆ. ಹೊಸ ಡ್ರೈವರೂ ಅಷ್ಟೇ ಆಯಿಲ್ ಕೇಳುತ್ತಿದ್ದನಂತೆ, ಅವನೂ ಕಳ್ಳ ಅಂದುಕೊಂಡಿದ್ದರಂತೆ.

"ಆಗಿದ್ದಾಯ್ತು ಬುಡಿ ಮೇಸ್ತ್ರಿ. ಬೇಗ ಹೆಡ್ ಕೂರ್ಸಿ, ಲೋಡ್ ಕಾಯ್ತಾ ಐತೆ," ಅಂದರು.

ಹೆಡ್ ಕೂರಿಸಿ ಗಾಡಿ ಕಳಿಸಿದೆ. ಆ ವಾಲ್ವನ್ನು ಪೇಪರಿನಲ್ಲಿ ಸುತ್ತಿಕೊಂಡು ಭಾನುವಾರ ಕೊತ್ತಗೆರೆಗೆ ಹೋದೆ. ಗಂಗಣ್ಣ ಈಗ ಕುಣಿಗಲ್ಲಿನ ಪಂಕ್ಚರ್ ಅಂಗಡಿಯಲ್ಲಿದ್ದಾನೆ ಅಂತ ಊರಿನವರು ಹೇಳಿದರು. ಆಯಿಲ್ ಕಳ್ಳ ಅನ್ನುವ ಹೆಸರು ಲಾರಿ ಸ್ಟ್ಯಾಂಡುಗಳಲ್ಲೆಲ್ಲ ಹರಡಿ, ಯಾರೂ ಅವನ ಕೈಗೆ ಗಾಡಿ ಕೊಟ್ಟಿರಲಿಲ್ಲ. ನಾನು ಹೋದಾಗ ಕಾರೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೆ ಗಾಳಿ ಹಿಡಿಯುತ್ತಿದ್ದ. ತುಂಬ ಇಳಿದುಹೋಗಿದ್ದ.

ವಾಲ್ವ್ ಕೈಗೆ ಕೊಟ್ಟೆ. ತಪ್ಪು ನನ್ನದು, ಮಲ್ಲೇಶಪ್ಪನವರಿಗೂ ತಿಳಿಸಿದ್ದೇನೆ ಅಂದೆ. ಅವನು ಹೆಬ್ಬೆರಳಿನಿಂದ ಕರಕಲು ಉಜ್ಜಿ ಮೂಸಿ ನೋಡಿದ.

"ನಂಗೆ ಇದು ಗೊತ್ತಿತ್ತಲ್ಲ ಮೇಸ್ತ್ರಿ. ನಮ್ಮನೆಯವ್ಳಿಗೆ ತೋರಿಸ್ಬೇಕಿತ್ತು."

ಮನೆಯಲ್ಲಿದ್ದರೆ ಈಗಲೇ ಬಂದು ಹೇಳುತ್ತೇನೆ ಅಂದೆ.

"ಯುಗಾದಿ ಆದ ವಾರಕ್ಕೆ ಹೋಗ್ಬುಟ್ಳು, ಎದೆ ನೋವು ಬಂದು. ಆಸ್ಪತ್ರೇಲಿ ಮಲಗಿದ್ದಾಗ್ಲೂ ಅದನ್ನೇ ಕೇಳಿದ್ಳು, ನಂಗಾದ್ರೂ ನಿಜ ಹೇಳಿ, ಮಾರ್ಕೊಂಡಿದ್ರಾ ಅಂತ. ಇಲ್ಲ ಕಣೇ ಅಂದೆ. ಹಂಗಾದ್ರೆ ಅಷ್ಟು ದೊಡ್ಡ ಮೇಸ್ತ್ರಿ ಸುಳ್ಳು ಹೇಳ್ತಾರಾ ಅಂದ್ಳು."

ಅಷ್ಟರಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. ವಾಲ್ವನ್ನು ನನ್ನ ಕೈಗೆ ವಾಪಸ್ ಇಟ್ಟು ಎದ್ದುಹೋದ. ಬೈದಿದ್ದರೆ ಚೆನ್ನಾಗಿತ್ತು.

ಈಗ ಆಯಿಲ್ ಕಮ್ಮಿಯಾಗುವ ಯಾವ ಗಾಡಿ ಬಂದರೂ ಒಂದು ದಿನ ನಿಲ್ಲಿಸಿಕೊಂಡು, ತಣ್ಣಗಾದ ಮೇಲೆ ನಾನೇ ಸ್ಟಾರ್ಟ್ ಮಾಡಿ ನೋಡುತ್ತೇನೆ. ಗುಬ್ಬಿ, ಕುಣಿಗಲ್ಲಿನ ಲಾರಿಯವರು ಸಿಕ್ಕಾಗಲೆಲ್ಲ ಗಂಗಣ್ಣ ಕಳ್ಳನಲ್ಲ ಅಂತ ಹೇಳಿದೆ. ಇಬ್ಬರು ಗಾಡಿ ಕೊಡುತ್ತೇವೆ ಅಂತ ಹೋದರು, ಅವನೇ ಬೇಡ ಅಂದನಂತೆ. ನನಗೆ ಸಂಕಟವಾಗುವುದು ಅದಕ್ಕಲ್ಲ. ಅವನ ಹೆಂಡತಿ ನನ್ನ ಮುಖ ಕೂಡ ನೋಡಿದವರಲ್ಲ. ಅಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಮಾತು ಬಿಟ್ಟು, ಅವರು ನನ್ನ ಮಾತು ನಂಬಿಕೊಂಡು ಹೋದರು.