ಮಹಾದೇವ ಮತ್ತು ಅವನ ಒಂದೇ ಕ್ಯಾಮೆರಾ

ಯರಗಟ್ಟಿಯ ನಿಜಗುಣಪ್ಪನವರ ಬೇಳೆ ಮಿಲ್ಲಿನಲ್ಲಿ ಮಹಾದೇವನಿಗೆ ಇಂಥದೇ ಹುದ್ದೆ ಅಂತ ಇರಲಿಲ್ಲ, ಬಿರುದಿತ್ತು: ಕ್ಯಾಮೆರಾ ಸಾಹೇಬ. ಬೆಲ್ಟಿನ ಮೇಲೆ ಹರಿಯುವ ಕಡಲೆಯನ್ನು ಕ್ಯಾಮೆರಾ ನೋಡುತ್ತಿತ್ತು. ಮಹಾದೇವ ಬರೆದ ಪ್ರೋಗ್ರಾಂ ಕರಿ ಕಾಳು ಗುರುತಿಸಿ ಗಾಳಿ ಊದಿ ಹಾರಿಸುತ್ತಿತ್ತು. ಅದು ಬಂದ ಮೇಲೆ ಕಾಳು ಆರಿಸುವ ಹೆಣ್ಣುಮಕ್ಕಳಲ್ಲಿ ತಂಗೆವ್ವ ಒಬ್ಬಳೇ ಉಳಿದಳು, ಕಸ ಹೊಡೆಯಲು.

ಬೈಲಹೊಂಗಲದಲ್ಲಿ ಕಂಪ್ಯೂಟರ್ ಓದಿ ಆಫೀಸಿಗೆ ಬಂದಿದ್ದ ಪೂನಮ್ ಅವನು ಪ್ರೋಗ್ರಾಂ ಬರೆಯುವಾಗಲೇ ಹೇಳಿದ್ದಳು: “ಸರ್, ಈ ಒಂದ ಕಂಪನಿ ಕ್ಯಾಮೆರಾ ಜೋಡಿ ಸೀದಾ ಮಾತಾಡುವಂಗ ಬರೀಬ್ಯಾಡ್ರಿ. ಚಿತ್ರ ಕೊಡು ಅಂತ ವಿಂಡೋಸ್‌ನ ಕೇಳ್ರಿ. ನಾಳೆ ಯಾವ ಕ್ಯಾಮೆರಾ ಹಚ್ಚಿದ್ರೂ ನಡೀತೈತಿ.”

“ಅದು ಮದುವಿ ಫೋಟೊ ಹೊಡಿಯವರ ಹಾದಿ, ತಂಗಿ. ಎಲ್ಲಾ ಕ್ಯಾಮೆರಾಕ್ಕೂ ನಡದ್ರ ನನ್ನ ಯಾರ ಕೇಳತಾರ?”

ಕೇಳಲಿ ಎಂದೇ ಅವನು ಸಾಲು ಸಾಲನ್ನೂ ಆ ಒಂದೇ ಕಂಪನಿಯ ಕ್ಯಾಮೆರಾಕ್ಕೆ ಮಾತ್ರ ತಿಳಿಯುವ ಅಪ್ಪಣೆಗಳಲ್ಲಿ ಬರೆದ. ಕೆಲ ವರ್ಷಗಳಲ್ಲಿ ಕಂಪನಿ ಮುಚ್ಚಿತು. ಇನ್ನು ಆ ಕ್ಯಾಮೆರಾ ಬಲ್ಲವ ತಾನೊಬ್ಬನೇ, ಇದರಿಂದ ತನ್ನ ಬೆಲೆ ಏರಿತೆಂದು ಮಹಾದೇವನೇ ಊರಿಗೆ ತಿಳಿಸಿದ.

ಈ ಸಲ ಯಂತ್ರಗಳಿಗೆಲ್ಲ ಪೂಜೆ ಮಾಡುವ ಖಂಡೇಪೂಜೆಗೆ ಎಲ್ಲರೂ ಕಾಯಿಯನ್ನು ಕಲ್ಲಿಗೆ ಒಡೆದರೆ, ಸಾಹೇಬರು ಕ್ಯಾಮೆರಾದ ಚೌಕಟ್ಟಿಗೇ ಒಡೆದರು. ವಿಭೂತಿ ಬಳಿದುಕೊಂಡಿದ್ದ ಕ್ಯಾಮೆರಾ ಕಾಯಿನೀರು ಕುಡಿದು ಸುಮ್ಮನಾಯಿತು.

ಬೆಳಗಾವಿಯಿಂದ ಬೇರೆ ಕಂಪನಿಯ ಹೊಸದು ಬಂತು. ಪೂನಮ್ ವೈರು ಚುಚ್ಚಿದ್ದೇ ತಡ, ಕಂಪ್ಯೂಟರಿನ ಮಾಮೂಲಿ ಕ್ಯಾಮೆರಾ ಕಿಟಕಿಯಲ್ಲಿ ಕಡಲೆ ಒಂದೊಂದೂ ನಿಚ್ಚಳ. ಮಹಾದೇವನ ಪ್ರೋಗ್ರಾಂ ಮಾತ್ರ ಕ್ಯಾಮೆರಾ ಇಲ್ಲ ಅಂದಿತು.

“ಎಲ್ಲಾರಿಗೂ ಕಾಣತೈತಿ, ನಿಂದಕ್ಕ ಯಾಕ ಕಾಣವಲ್ದೋ?” ನಿಜಗುಣಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಹಾದೇವನಿಗೆ ಅದೇ ಹೆದರಿಕೆ ಹುಟ್ಟಿಸಿತು.

“ಮೊದಲಿಂದ ಬರೀಬೇಕ್ರಿ, ಯಜಮಾನ್ರ. ತಿಂಗಳಗಟ್ಟಲೆ ಹಿಡೀತೈತಿ.”

“ದೀಪಾವಳಿ ಮಾಲು ಮುಂದಿನ ವಾರ ಹೋಗಬೇಕು. ಆಮ್ಯಾಲ ಪೂನಮ್ ಹೇಳಿದಂಗ ಯಾವ ಕ್ಯಾಮೆರಾಕ್ಕೂ ನಡಿಯೂ ರೆಡಿಮೇಡ್ ಪ್ರೋಗ್ರಾಂ ತರಸತೇನಿ.” ಅವರು ಕಸಬರಿಗೆ ಹಿಡಿದಿದ್ದವಳತ್ತ ತಿರುಗಿದರು. “ತಂಗೆವ್ವ, ಕಾಳು ಆರ್ಸಾಕ ಹಳೇ ಹೆಣ್ಮಕ್ಕಳನ್ನ ಕರ್ಕೊಂಡ ಬಾ.”

“ಎಲ್ಲಿ ಅದಾರ್ರಿ ಅವ್ರು? ಕೆಲಸ ಹೋದ ಮ್ಯಾಲ ಗೋವಾಕ್ಕ ಹೋದ್ರು. ಬೀರವ್ವ ಒಬ್ಬಾಕಿ ಇದ್ಲು, ಹ್ವಾದ ವರ್ಷ ತೀರಿಕೊಂಡ್ಲು.”

ನಿಜಗುಣಪ್ಪನವರು ಗೋಡೆಗಿದ್ದ ಮೊರ ತೆಗೆದು ಮಹಾದೇವನ ಮುಂದೆ ಇಟ್ಟರು.

ಅವನು ಗೋಣಿತಟ್ಟಿನ ಮೇಲೆ ಕುಳಿತು ಕಡಲೆ ಆರಿಸತೊಡಗಿದ. ಸ್ವಲ್ಪ ಹೊತ್ತಿಗೆ ತಂಗೆವ್ವ ಬಾಗಿ ಅವನ ಮೊರದಿಂದ ಕರಿ ಕಾಳೊಂದನ್ನು ಎತ್ತಿದಳು.

“ಇದ ಕಾಣಲಿಲ್ಲೇನ್ರಿ, ಸಾಹೇಬ್ರ?”

ನಿಂತ ಬೆಲ್ಟಿನ ಮೇಲಿನ ಕಡಲೆ ಆ ಮಾಮೂಲಿ ಕಿಟಕಿಯಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತಲೇ ಇತ್ತು. ಮಹಾದೇವ ಅತ್ತ ಬೆನ್ನು ಮಾಡಿ ಕುಳಿತ.